ಕುಲೆ ಉಂಡ ಸಂಜೆ

ಹಾಳೆಯ ಮುಖವಾಡದ ಒಳಗೆ ನನ್ನದೇ ಉಸಿರು ಬಿಸಿಯಾಗಿ ತಿರುಗಿ ಮುಖಕ್ಕೆ ಬಡಿಯುತ್ತದೆ, ನೆನೆಹಾಕಿದ ಅಡಿಕೆ ಹಾಳೆಗೆ ಒದ್ದೆ ನಾಯಿಯ ವಾಸನೆ, ಎರಡು ತೂತಿನಲ್ಲಿ ಎರಡು ತುಂಡು ಅಡುಗೆಮನೆ — ಒಂದರಲ್ಲಿ ಕಮಲ, ಇನ್ನೊಂದರಲ್ಲಿ ಬೋಜ, ನಡುವಿನ ಚಿಮಿಣಿ ದೀಪ ತಲೆ ಆಡಿಸಿದರೆ ಮಾತ್ರ ಕಾಣುವುದು, ಹ್ಞೂಂ ಹ್ಞೂಂ ಎಂದು ಗೊಗ್ಗರು ಸ್ವರ ತೆಗೆಯುತ್ತೇನೆ, ಸತ್ತವರ ಲೋಕದಿಂದ ನಡೆದು ಬಂದ ಕುಲೆ ನಾನು, ಊಟಕ್ಕೆ ಎಂತ ಉಂಟು ಮಕ್ಕಳೇ, ಏಳು ವರ್ಷದ ಕಮಲ ಕಿಸಕ್ಕನೆ ನಗುತ್ತಾಳೆ, ರಕ್ತದ ಗಂಜಿ ಉಂಟು ಕುಲೆಯಜ್ಜೀ, ಬೆರಳಿನ ಪಲ್ಯ ಉಂಟು, ಕಣ್ಣೂ ಉಂಟು — ಕಣ್ಣೆಂದರೆ ಹಲಸಿನ ಬೀಜ, ಬೇಯಿಸಿ ಸಿಪ್ಪೆ ತೆಗೆದು ಬಸಳೆ ಹಣ್ಣಿನ ರಸದಲ್ಲಿ ಒಂದು ಬೊಟ್ಟು, ಬೆರಳೆಂದರೆ ಕೆಸುವಿನ ದಂಟು, ರಕ್ತವೂ ಬಸಳೆಯದ್ದೇ, ಅದರಡಿ ಇರುವುದು ಆ ಕೆಂಪು ಜೋಳ, ಮೈಲೋ ಅಂತೆ, ಅಮೆರಿಕದಿಂದ ಹಡಗಿನಲ್ಲಿ ಬಂದದ್ದಂತೆ, ಅಕ್ಕಿ ಎಲ್ಲಿ ಎಂದರೆ ರೇಷನ್ ಅಂಗಡಿಯ ಪೋಕರ್ ಮುಖ ತಗ್ಗಿಸಿದ್ದ, ಎಂತ ಮಾಡುದು ಪೂವಮ್ಮಕ್ಕ, ಅಜ್ಜಾವರ ಊರಿಗೆಲ್ಲ ಈ ವಾರ ಇದೇ, ನಮ್ಮ ಮನೆಯಲ್ಲಿ ಸಫಿಯಾ ಸಹ ಇದನ್ನೇ ಬೇಯಿಸುದು.

ಮೊದಲ ದಿನ ಇಬ್ಬರೂ ಉಗುಳಿದರು, ಇದು ಮಣ್ಣು ಅವ್ವಾ ಎಂದು ಬೋಜ ಬಟ್ಟಲು ದೂಡಿದ, ಎರಡನೆಯ ದಿನವೂ ದೂಡಿದ, ನಾಲ್ಕು ವರ್ಷದ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು, ಗದ್ದೆಯಲ್ಲಿ ಪೈರು ಇನ್ನೂ ಹಸಿರು, ಇವರ ಅಪ್ಪ ಮೇದಪ್ಪ ಕೊಯ್ಲಿಗೆ ಬರುತ್ತೇನೆಂದು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದವರು, ಹೊಡೆಯಲೆಂದು ಕೈ ಎತ್ತಿದ್ದೆ, ಹೌದು, ಎತ್ತಿದ್ದೆ — ಆ ಕೈಯಲ್ಲಿ ಬಸಳೆ ಹಣ್ಣು ಹಿಚುಕಿ ಹೋಗಿತ್ತು, ಅವ್ವಾ ರಕ್ತ ಎಂದು ಕಮಲ ಕೂಗಿದಳು, ಇಬ್ಬರೂ ಓಡಿ ಬಂದು ಅಂಗೈ ನೋಡಿದರು, ಹೌದು ಮಾರಾಯ್ರೆ, ಇವತ್ತು ಕುಲೆಗಳ ಊಟ, ಪುಕ್ಕಲರಿಗೆಲ್ಲ ಇಲ್ಲ ಎಂದುಬಿಟ್ಟೆ, ಬಾಯಿಗೆ ಬಂದದ್ದು ಹೇಳಿದೆ, ಬಟ್ಟಲು ನೆಕ್ಕಿದರು! ಅಲ್ಲಿಂದ ದಿನಾ ಮುಸ್ಸಂಜೆಗೆ ಇದೇ, ಒಂದು ದಿನ ಹಲ್ಲು, ಒಂದು ದಿನ ಕರುಳು, ನಿನ್ನ ಎಲೆ ಖಾಲಿ ಯಾಕೆ ಎಂದು ಕಮಲ ಕೇಳಿದ್ದಕ್ಕೆ ಕುಲೆಗಳು ಹಬೆ ಮಾತ್ರ ಉಂಬುದು ಎಂದೆ, ಆ ನಿಯಮವನ್ನೂ ನಾನೇ ಮಾಡಿದ್ದು, ಪಾತ್ರೆ ಎರಡು ಬಟ್ಟಲಿಗೇ ಮುಗಿಯುತ್ತಿತ್ತಲ್ಲ.

ಹಾಳೆಯ ಮುಖವಾಡ ಇವತ್ತೇ ಮೊದಲು, ಹೊದ್ದ ಕಂಬಳಿಯೂ ಇವತ್ತೇ, ಅಷ್ಟು ಬೇಕಿರಲಿಲ್ಲವೇನೋ — ಬೋಜ ನಗುತ್ತಿಲ್ಲ, ಒಲೆಯ ಕಡೆ ನೋಡುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಅವ್ವ ಎಲ್ಲಿ ಎಂದು ಅಕ್ಕನನ್ನು ಕೇಳುತ್ತಾನೆ, ಅವಳೋ ಪೋಕರಿ, ಅವ್ವನನ್ನು ಕುಲೆ ಹಿಡಿದುಕೊಂಡಿದೆ, ಈಗ ತಿಂತದೆ ಎನ್ನುತ್ತಾಳೆ, ಸಾಕು, ತೆಗೆದುಬಿಡುತ್ತೇನೆ, ಕೈ ಹಾಳೆಯ ದಾರಕ್ಕೆ ಹೋಗಿದೆ, ಅಷ್ಟರಲ್ಲಿ ಅವನು ಎದ್ದ, ಓಡಲಿಕ್ಕೆ ಎದ್ದದ್ದೆಂದು ಎಣಿಸಿದೆ, ಹಗಲಲ್ಲೂ ಒಬ್ಬನೇ ದನದ ಹಟ್ಟಿಯ ಹಿಂದೆ ಹೋಗದವನು, ನನ್ನ ಸೆರಗು ಹಿಡಿಯದೆ ಉಚ್ಚೆ ಹೊಯ್ಯಲಿಕ್ಕಾಗದವನು — ಈ ಕಡೆಗೇ ಬರುತ್ತಾನೆ, ಒಂದು ಹೆಜ್ಜೆ, ನಿಲ್ಲುತ್ತಾನೆ, ಇನ್ನೊಂದು, ಕಮಲಳ ನಗು ನಿಂತಿದೆ, ಕುಲೇ, ಅವ್ವನ ತಿನ್ನಬೇಡ, ಬೋಜನ ಸ್ವರ ದಾರದ ಹಾಗೆ, ಅವ್ವನಲ್ಲಿ ಎಂತದೂ ಇಲ್ಲ, ಬರೀ ಎಲುಬು, ಅವ್ವ ಉಂಬುದೇ ಇಲ್ಲ, ಒಲೆ ಹತ್ರ ಕೂತು ನೀರು ಕುಡಿಯುದು, ನಾನು ನೋಡಿದ್ದೇನೆ — ನೋಡಿದ್ದಾನೆ, ಯಾವಾಗ ನೋಡಿದ, ಯಾರಿಗೂ ಕಾಣಬಾರದೆಂದು ಗೋಡೆಗೆ ತಿರುಗಿ ಕುಡಿದದ್ದು — ಈ ಕಣ್ಣು ತಿನ್ನು, ನನ್ನ ಪಾಲಿದ್ದು, ಅವ್ವನ ಬಿಡು. ದೇವರೇ, ಇವನಿಗೆ ನಾನು ಆಟವಲ್ಲ, ಸತ್ಯವಾದ ಕುಲೆ, ಇದರ ಬಾಯಿಯ ತನಕ ನಡೆದು ಬಂದಿದ್ದಾನೆ, ಒಂಬತ್ತು ತಿಂಗಳು ಹೊತ್ತೆ, ನಾಲ್ಕು ವರ್ಷ ಎತ್ತಿದೆ, ಇಂಥದ್ದು ಒಳಗೆ ಉಂಟೆಂದು ನನಗೆ ತಿಳಿಯಲೇ ಇಲ್ಲ, ಭೂತದ ನೇಮದಲ್ಲಿ ಕಾಲಿಗೆ ಗಗ್ಗರ ಕಟ್ಟಿದ ದೈವ ಎದುರು ನಿಂತರೆ ನಾನು ತಲೆ ಎತ್ತಿದವಳಲ್ಲ, ಇವನು ನೆಟ್ಟಗೆ ತೂತಿನೊಳಗೆ ನೋಡುತ್ತಿದ್ದಾನೆ, ಕಣ್ಣಿಗೆ ಕಣ್ಣು, ದಾರದ ಮೇಲಿನ ಕೈ ಕೆಳಗಿಳಿಯುತ್ತದೆ, ಮುಖವಾಡ ಈಗ ತೆಗೆದರೆ ಇಷ್ಟು ದೂರ ನಡೆದದ್ದು ಸುಳ್ಳಾಗುತ್ತದೆ, ತೆಗೆಯುವುದಿಲ್ಲ, ಬಾಯಿ ತೆರೆಯುತ್ತೇನೆ, ಹಾಳೆಯ ಸೀಳಿನಲ್ಲಿ ಬೀಜ ಬರುತ್ತದೆ, ಉಪ್ಪು, ಹಿಟ್ಟು ಹಿಟ್ಟು, ಬೆಚ್ಚಗೆ, ಅಗಿಯುತ್ತೇನೆ, ನುಂಗುತ್ತೇನೆ, ಗಂಟಲಿಗೆ ಮರೆತೇ ಹೋಗಿತ್ತು, ಹಿಂದಿನಿಂದ ಕಮಲ ಮೆಲ್ಲ ತನ್ನ ಎಲೆಯನ್ನೂ ಇತ್ತ ಸರಿಸುತ್ತಾಳೆ, ಇನ್ನೂ ಹಸಿವುಂಟಾ ಎಂದು ಬೋಜ ಕುಲೆಯನ್ನು ಕೇಳುತ್ತಾನೆ, ಉಂಟು ಎನ್ನುತ್ತೇನೆ, ಗೊಗ್ಗರು ಸ್ವರ ಬರುವುದಿಲ್ಲ, ನನ್ನದೇ ಸ್ವರ ಬರುತ್ತದೆ, ಅವನಿಗೆ ಗೊತ್ತಾಗುವುದಿಲ್ಲ, ಇನ್ನೊಂದು ಬೀಜ ಹಿಡಿದಿದ್ದಾನೆ, ತೂತಿನ ತುಂಬ ಬೇರೆ ಏನೂ ಇಲ್ಲ, ಆ ಕೈ, ಮಣಿಗಂಟಿನ ತನಕ ಬಸಳೆಯ ಕೆಂಪು, ನಡುಗುತ್ತದೆ, ಹಿಂದೆ ಹೋಗುವುದಿಲ್ಲ, ಆ ಸಣ್ಣ ಕೈ, ನಡುಗುತ್ತದೆ, ಹಿಂದೆ ಹೋಗುವುದಿಲ್ಲ, ಆ ಕೈ —