ಝಾಡ್ ಗಲ್ಲಿಯ ಆಟಿ ಅಮಾವಾಸ್ಯೆ

ಠಾಣೆ ಪೂರ್ವದ ಕೋಪರಿಯಲ್ಲಿ ‘ಝಾಡ್ ಗಲ್ಲಿ’ ಎಂದರೆ ರಿಕ್ಷಾದವರು ಮರುಮಾತಿಲ್ಲದೆ ತಂದು ಬಿಡುತ್ತಾರೆ. ಒಳಗೆ ಮಾತ್ರ ಬರುವುದಿಲ್ಲ. ಎದುರುಬದುರು ಎರಡು ಕೊಡೆ ಬಂದರೆ ಒಂದನ್ನು ಮಡಚಬೇಕು, ಅಷ್ಟೇ ಅಗಲ. ಮರಾಠಿಯಲ್ಲಿ ಝಾಡ್ ಎಂದರೆ ಮರ; ಹೆಸರು ಬಂದದ್ದು ತುದಿಯಲ್ಲಿರುವ ಹಾಲೆಮರದಿಂದ. ಅದನ್ನು ನೆಟ್ಟವನು ಉಡುಪಿ ಕಡೆಯಿಂದ ಬಂದ ಅಡುಗೆಯ ಬೂಬಣ್ಣ. ಆಮೇಲೆ ಚಾಳುಗಳಾದವು, ಸಿಂಧಿಗಳ ಬಟ್ಟೆಯಂಗಡಿ ಬಂತು, ಒಂದು ಚಾಳು ಕೆಡವಿ ಏಳು ಮಾಳಿಗೆಯ ಸೊಸೈಟಿಯೂ ಎದ್ದಿತು. ಮರ ಯಾರ ಅಪ್ಪಣೆಗೂ ಕಾಯದೆ ಬೆಳೆಯಿತು.

ಆ ಸೊಸೈಟಿಯ ಸೆಕ್ರೆಟರಿ ಊರ್ಮಿಳಾಗೆ ಹಾಲೆಹೂವಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಹಟ ಹಿಡಿದು 2011ರಲ್ಲಿ ಮರ ಕಡಿಯಲು ಪಾಲಿಕೆಯ ಒಪ್ಪಿಗೆ ತಂದೇಬಿಟ್ಟಳು. ಅದೇ ಗಲ್ಲಿಯಲ್ಲಿದ್ದು ಸ್ಟೇಷನ್ ಬಳಿ ಇಡ್ಲಿ ಹೋಟೆಲು ನಡೆಸುವ ತುಳುನಾಡಿನ ಚೆನ್ನಯನಿಗೆ ಸಂಕಟವೋ ಸಂಕಟ. ಆಟಿ, ಅಂದರೆ ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ತೊಗಟೆಯ ಕಷಾಯ ಕುಡಿಯದೆ ಅವನ ಮನೆಯಲ್ಲಿ ಯಾರೂ ಹನಿ ನೀರೂ ಮುಟ್ಟರು.

“ಪಾಲಿಕೆಯವ್ರು ಅಮಾಸೆ ದಿನವೇ ಬರ್ತಾರಂತೆ ಮಾರಾಯ್ತಿ. ಇದೇ ಕೊನೇದು,” ಎಂದು ಹೆಂಡತಿ ಮೋಹಿನಿಯೆದುರು ಕಣ್ಣೊರೆಸಿಕೊಂಡ.

ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲು, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅದೂ ಮೈಮೇಲೆ ಬಟ್ಟೆಯಿಲ್ಲದೆ. ಅಮಾವಾಸ್ಯೆಯ ನಸುಕಿನಲ್ಲಿ ಮರದಡಿಗೆ ಬಂದ ಚೆನ್ನಯ ಕೋಪರಿಯ ಮರ್ಯಾದೆಗೆ ಅಂಜಿ ಸೊಂಟಕ್ಕೆ ಬೈರಾಸು ಸುತ್ತಿಕೊಂಡಿದ್ದ. ನಾಲ್ಕು ಏಟು ಹಾಕುವಷ್ಟರಲ್ಲಿ ಹಾಲು ತರಲು ಇಳಿದ ಊರ್ಮಿಳಾ ಕಂಡಳು.

“ಅರೇ ಧಾವಾ! ಆಮ್ಚಂ ಝಾಡ್ ಮಾರ್ತೋಯ್!”

ನಮ್ಮ ಮರ ಕೊಲ್ಲುತ್ತಿದ್ದಾನೆಂಬ ಆ ಕೂಗಿಗೆ ಗಲ್ಲಿಗೆ ಗಲ್ಲಿಯೇ ಓಡಿಬಂತು. ಒಬ್ಬರು ಮರದ ಗಾಯಕ್ಕೆ ಅರಿಸಿನ ತಂದರು, ಇನ್ನೊಬ್ಬರು ಕಲ್ಲು ಕಸಿದರು. ಚೆನ್ನಯ ತೊಗಟೆ ಹಿಡಿಯುವುದೋ ಬೈರಾಸು ಹಿಡಿಯುವುದೋ ತಿಳಿಯದೆ ನಿಂತ. ಬಾಯಿಗೆ ಮಾತ್ರ ತಡೆಯಿರಲಿಲ್ಲ.

“ಭಾಭಿ, ಕಾಟ್‌ನೇ ಕಾ ಅರ್ಜಿ ಕಿಸ್‌ನೇ ಡಾಲಾ?”

ಕಡಿಯಲು ಅರ್ಜಿ ಹಾಕಿದ್ದು ಯಾರೆಂದು ಕೇಳಿದ್ದಕ್ಕೆ ಗಲ್ಲಿ ಗೊಳ್ಳೆಂದು ನಕ್ಕಿತು. ಊರ್ಮಿಳಾಳ ಮುಖ ಕೆಂಪೇರಿತು. ಜಗಳ ತಣ್ಣಗಾಗುವಷ್ಟರಲ್ಲಿ ಮೋಹಿನಿ ತೊಗಟೆಯನ್ನು ಬೆಳ್ಳುಳ್ಳಿ, ಓಮದ ಜೊತೆ ಅರೆದು, ಬಂದವರಿಗೆಲ್ಲ ಒಂದೊಂದು ಗುಟುಕು ಕುಡಿಸಿದಳು. ಮುಖ ಹಿಂಡದವರು ಒಬ್ಬರೂ ಇರಲಿಲ್ಲ.

ಹೊತ್ತೇರಿದ ಮೇಲೆ ಪಾಲಿಕೆಯವರು ಗರಗಸದೊಂದಿಗೆ ಬಂದು, ಯಾವ ಮರ ಎಂದು ಕೇಳಿದರು. ಎಲ್ಲರ ಕಣ್ಣೂ ಊರ್ಮಿಳಾಳ ಮೇಲೆ.

“ಅರ್ಜಿ ವಾಪಸ್ ಘೇತೇ,” ಎಂದಳು ಅವಳು. ವಾಸನೆ ಬಂದರೆ ಕಿಟಕಿ ಮುಚ್ಚಿಕೊಳ್ಳುತ್ತಾಳಂತೆ. ಆಮೇಲೆ ಚೆನ್ನಯನತ್ತ ತಿರುಗಿ ಗದರಿದಳು: “ಪುಢಚ್ಯಾ ವರ್ಷೀ ಮಲಾ ಪಣ್ ಉಠವಾ!”

ಮುಂದಿನ ವರ್ಷ ತನ್ನನ್ನೂ ಎಬ್ಬಿಸಬೇಕಂತೆ. ಮುಂದಿನ ವರ್ಷ! ಚೆನ್ನಯ ಮನೆಯೊಳಕ್ಕೆ ಓಡಿದ. ಕಷಾಯದ ಉಷ್ಣ ಇಳಿಸಲು ಮನೆಯವರಿಗೆಂದು ಮಾಡಿದ್ದ ಮೆಂತೆ ಗಂಜಿಯ ಮೊದಲ ಬಟ್ಟಲನ್ನು ತಂದು ಅವಳ ಕೈಗೇ ಇಟ್ಟ.