ಅಂಚಿನ ಸಾಲು

ನಮ್ಮವರನ್ನು ಊರೆಲ್ಲ 'ಹುಳದ ಮಾವ' ಅಂತ ಕರೆಯುತ್ತಿತ್ತು. ಅಳಿಯನಿಗೆ ಉಪಚಾರ ಮಾಡಿದ ಹಾಗೆ ಹುಳಕ್ಕೆ ಮಾಡಿದರೆ ಕರೆಯದೆ ಇನ್ನೇನು? ಹೊಲದ ತುಂಬ, ಕಾಯಿ ಕೊರೆಯುವ ಹುಳವನ್ನೇ ಸಾಯಿಸುವ ಹೊಸ ತಳಿಯ ಹತ್ತಿ. ಸುತ್ತಲಿನ ಅಂಚಿಗೆ ಮಾತ್ರ ಹಳೇ ಸಾದಾ ಹತ್ತಿ, ಹುಳಕ್ಕೆಂದೇ ಬಿಟ್ಟದ್ದು. ಅದಕ್ಕೆ ಔಷಧಿ ಹೊಡೆಯುವ ಹಾಗಿಲ್ಲ, ಕೊರೆದ ಕಾಯಿ ಕೀಳುವ ಹಾಗಿಲ್ಲ.

"ಹುಳ ಸಾಕೋಕೆ ನಿಮಗೇನ್ರೀ ಗ್ರಹಚಾರ?" ಅಂದರೆ ನಗುತ್ತಿದ್ದರು.

"ಎಲ್ಲೋ ಒಂದು ಹುಳ ಆ ವಿಷ ತಿಂದೂ ಬದುಕುತ್ತೆ ಕಣೆ. ಅಂಥದ್ದಕ್ಕೆ ಅಂಥದ್ದೇ ಜೋಡಿ ಸಿಕ್ಕರೆ ಮಕ್ಕಳೆಲ್ಲ ವಿಷ ಅರಗಿಸ್ಕೊಳ್ತವೆ. ಆಮೇಲೆ ಈ ಹೊಸ ಹತ್ತಿ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಅದಕ್ಕೇ ಅಂಚಲ್ಲಿ ಬೆಳೆದ ಬಡಪಾಯಿಗಳ ಜೊತೆ ಸಂಬಂಧ ಕುದುರಿಸ್ಬೇಕು. ಮಕ್ಕಳು ವಿಷ ತಡೀದೆ ಮೆತ್ತಗಾಗ್ತವೆ."

"ನಮ್ಮ ಸಂಬಂಧ ಕುದುರಿಸಿದವರೂ ಇದೇ ಲೆಕ್ಕ ಹಾಕಿದ್ರೇನೋ."

"ಹೂಂ, ಬಡಪಾಯಿ ನಾನೇ."

ಪಕ್ಕದ ಹೊಲ ಭಾವನದು, ಇವರ ಅಣ್ಣ. ಅಪ್ಪನಿಲ್ಲದ ಮನೆಯಲ್ಲಿ ಇವರನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. "ನಿನ್ನ ಹುಳ ಬದು ದಾಟಿ ನನ್ನ ಹೊಲಕ್ಕೆ ಬರುತ್ತೆ" ಅಂತ ಶುರುವಾದ ಜಗಳ ಬೆಳೆದು ಬೆಳೆದು ಮಾತೇ ನಿಂತುಹೋಗಿತ್ತು. ಬದುವಿನಾಚೆ ಭಾವ ಕೆಮ್ಮಿದರೆ ಸಾಕು, ಇವರ ಕೈ ಕೆಲಸ ಬಿಟ್ಟು ನಿಲ್ಲುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಈ ಅಣ್ಣತಮ್ಮಂದಿರ ಹಟಕ್ಕೆ ಬೆಂಕಿ ಹಾಕ ಅಂತ ಎಷ್ಟು ಸಲ ಬೈದಿದ್ದೇನೋ.

ಕಾಯಿ ಕಟ್ಟುವ ಹೊತ್ತಿಗೆ ಇವರು ಆಸ್ಪತ್ರೆ ಸೇರಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಇವರಿಗೆ ಹೇಳಲಿಲ್ಲ, ಇವರು ಕೇಳಲೂ ಇಲ್ಲ. ದಿನಾ ಕೇಳುತ್ತಿದ್ದದ್ದು ಎರಡೇ. "ಅಂಚಿನ ಸಾಲಲ್ಲಿ ಹುಳ ಬಿತ್ತಾ?" ಆಮೇಲೆ ಬಾಗಿಲ ಕಡೆ ನೋಡುತ್ತ, "ನಾನಿಲ್ಲಿರೋದು ಅಣ್ಣಂಗೆ ಗೊತ್ತಾ?"

ಕೊನೆಗೂ ಭಾವ ಬಂದರು. ಮಂಚದ ಪಕ್ಕ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಹೊದಿಕೆ ಸರಿಮಾಡಿದರು. ಆ ಕೈ ಔಷಧಿಯ ವಾಸನೆ ಹೊಡೆಯುತ್ತಿತ್ತು, ಹೊಲಕ್ಕೆ ಹೊಡೆಯುವ ಔಷಧಿ.

"ಹೊಲದ ಚಿಂತೆ ಬಿಡೋ," ಅಂದರು. "ನಿನ್ನ ಅಂಚಿನ ಸಾಲು ಪೂರ್ತಿ ಹುಳ ಹಿಡಿದಿತ್ತು. ನಾನೇ ನಿಂತು ಹೊಡೆದೆ. ಕೊರೆದ ಕಾಯೆಲ್ಲ ಕಿತ್ತು ಸುಟ್ಟೆ. ಒಂದೇ ಒಂದು ಹುಳ ಬಿಟ್ಟಿಲ್ಲ ನೋಡು."

ದಾರಿಹೋಕರನ್ನೂ ನಿಲ್ಲಿಸಿ ಹುಳದ ಸಂಬಂಧದ ಪಾಠ ಹೇಳುತ್ತಿದ್ದ ಮನುಷ್ಯ ಇವರು. ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಒಳ್ಳೇದು ಮಾಡ್ದೆ ಅಣ್ಣ," ಅಂದರು. ಅಷ್ಟೇ. ಇಬ್ಬರೂ ಮಕ್ಕಳ ಹಾಗೆ ಅತ್ತರು.

ಭಾವ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. "ಮುಂದಿನ ಸಲಾನೂ ಅಂಚಿಗೆ ಸಾದಾ ಹತ್ತೀನೇ ಹಾಕು, ಹುಳಕ್ಕೆ ಬಿಡು. ಅಣ್ಣಂಗೆ ಮಾತ್ರ ಹೇಳ್ಬೇಡ, ಯಾವತ್ತೂ. ಮಾಡಿದ್ದು ತಪ್ಪು ಅಂತ ಗೊತ್ತಾದ್ರೆ ಎದೆ ಒಡ್ಕೊಳ್ತಾನೆ."

"ಎರಡೂ ಹೇಗ್ರೀ ಆಗುತ್ತೆ?" ಅಂದೆ. ಆ ವಾರವೇ ಹೋಗಿಬಿಟ್ಟರು.

ಈ ವರ್ಷವೂ ಅಂಚಿಗೆ ಸಾದಾ ಹತ್ತಿ ಹಾಕಿದೆ. ಭಾವ ಬೆನ್ನಿಗೆ ಪಂಪು ಕಟ್ಟಿಕೊಂಡು ತಮ್ಮ ಹೊಲಕ್ಕಿಂತ ಮೊದಲು ಇಲ್ಲಿಗೇ ಬರುತ್ತಾರೆ. "ನನ್ನ ತಮ್ಮನ ಸಾಲು ಕಣಮ್ಮ, ಇದೊಂದನ್ನ ನನಗೆ ಬಿಡು," ಅನ್ನುತ್ತಾರೆ. ಬೇಡ ಅನ್ನಲಾರದೆ ಬಿಡುತ್ತೇನೆ.

ಇವತ್ತೂ ಹೊಡೆಯುತ್ತ ಬರುತ್ತಿದ್ದರು. ನಾನು ಸಾಲಿನ ಕೊನೆಯ ಗಿಡದಲ್ಲಿ ತೂತು ಬಿದ್ದ ಕಾಯೊಂದನ್ನು ಬಿಡಿಸಿ ನೋಡಿದೆ. ಒಳಗೆ ಗುಲಾಬಿ ಬಣ್ಣದ ಹುಳ, ದಪ್ಪಗೆ, ತಿನ್ನುತ್ತ ಕೂತಿತ್ತು. 'ರೀ, ಹುಳ ಬಿದ್ದಿದೆ ರೀ' ಅನ್ನಬೇಕೆಂದು ಬಾಯಿ ತೆರೆದೆ. ಹೇಳೋಣವೆಂದರೆ ಆ ಮನುಷ್ಯನೇ ಇಲ್ಲ.

"ಆ ಗಿಡದಲ್ಲಿ ಹುಳ ಇದೆಯೇನಮ್ಮ?" ಭಾವ ಪಂಪು ಹಿಡಿದು ಹತ್ತಿರ ಬಂದರು.

ಕಣ್ಣೊರೆಸಿಕೊಂಡು ಗಿಡಕ್ಕೆ ಅಡ್ಡ ನಿಂತೆ.

"ಇಲ್ಲ ಭಾವ," ಅಂದೆ. "ನೀವು ಒಂದೂ ಬಿಟ್ಟಿಲ್ಲ."