ಕಾಲು ಮುಂದಾಗಿ ಹುಟ್ಟಿದವಳು

"ಉಜ್ಜೇ ಮುಂಡೆ! ಹಿಮ್ಮಡಿ ಬಿರುಕಿನಾಗೆ ಕೂತಿರೋ ಸಗಣಿನ ನನ್ ಗಂಡನ ಬೆನ್ನಿಗೆ ಮೆತ್ತಾಕೆ ತಂದೀಯೇನೇ?"

ನಲ್ಲೂರಿನ ಗೌಡ ಶಿವಮೂರ್ತಪ್ಪನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು, ತಾಗದಂತೆ ಮೇಲಿನಿಂದ ನೀರು ಸುರಿಯುತ್ತಿದ್ದಳು. ಕೂಲಿಯ ಅಂಜಿನಮ್ಮ ಬೂದಿ ಹಾಕಿ ಬಲಗಾಲು ತಿಕ್ಕಿಕೊಳ್ಳುತ್ತಿದ್ದಳು. ಎಂಟು ತಿಂಗಳ ಹೊಟ್ಟೆ ಬಗ್ಗಲು ಬಿಡುತ್ತಿರಲಿಲ್ಲ. ಬೆಳಗಿನಿಂದ ಗೊಬ್ಬರದ ಪುಟ್ಟಿ ಹೊತ್ತು ಸೊಂಟ ಹೋಳಾದಂತಿತ್ತು.

ಒಳಗೆ ಶಿವಮೂರ್ತಪ್ಪ ಚಾಪೆಯ ಮೇಲೆ ಬೋರಲು ಬಿದ್ದಿದ್ದ. ಅಮಲ್ದಾರರ ಮುಂದೆ ಬಗ್ಗಿ ಕೈಮುಗಿದವನು ಮತ್ತೆ ನೆಟ್ಟಗಾಗಿರಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಮೂರು ಸಲ ಒದ್ದರೆ ಉಳುಕು ಬಿಡುತ್ತದಂತೆ. ಹಾಗೆ ಹುಟ್ಟಿದವಳು ಊರಿಗೆಲ್ಲ ಅಂಜಿನಮ್ಮ ಒಬ್ಬಳೇ.

"ಅಮ್ಮಾರೆ, ಹೆರೋ ತನಕ ಪುಟ್ಟಿ ಬ್ಯಾಡ ಅನ್ರಿ. ಕೂತು ಕಾಳು ಹಸನು ಮಾಡ್ತೀನಿ. ಹೋದ್ಸಲದ ಬಸಿರು ಪುಟ್ಟಿ ಇಳಿಸೋವಾಗ್ಲೇ ಇಳಿದು ಹೋತು."

"ಚನ್ನಗಿರಿ ಡಾಕ್ಟ್ರು ನನ್ ಬಸ್ರಿ ಮಗಳಿಗೆ ದಿನಾ ಅಂಗಳದಾಗೆ ನಡೀಬೇಕು, ಮೈ ಬಗ್ಗಿಸ್ಬೇಕು ಅಂದಾರೆ. ಆಕಿನ್ನ ಕಾಲು ಹಿಡಿದು ನಡೆಸ್ತಿದೀನಿ. ನಿಂಗೆ ಪುಕ್ಕಟೆ ಆಗ್ತೈತಲ್ಲೇ! ಸಲೀಸಾಗಿ ಹೆರ್ತೀಯ, ನಡಿ."

ಕೋಣೆಯಲ್ಲಿ ಕಮಟು ಎಣ್ಣೆಯ ನಾತ. ಗೌಡನ ಬೆನ್ನ ತುಂಬ ಕೀವು ಕಟ್ಟಿದ ಕುರುಗಳು. ಅಂಜಿನಮ್ಮ ಸೆರಗು ಸಿಕ್ಕಿಸಿ ಬಲಗಾಲು ಎತ್ತಿದಳು.

"ಗ್ವಾಡೆ ಮುಟ್ಟಬ್ಯಾಡ," ಎಂದ ಅವನು, ಮುಖ ಎತ್ತದೆ.

"ಹಿಡ್ಕಳ್ದೆ ಒಂಟಿಕಾಲಾಗೆ ಹೆಂಗೆ ನಿಂದ್ರಲಿ, ಗೌಡ್ರೆ?"

"ಗ್ವಾಡೆ ತೊಳೆಯೋನು ನಿಮ್ಮಪ್ಪನಾ? ನನ್ ಮೈಯಾದ್ರೆ ಸ್ನಾನ ಮಾಡಿದ್ರೆ ಮೈಲಿಗೆ ಹೋಗ್ತೈತೆ. ಒದಿಯೇ, ಲೌಡಿ!"

ಒದ್ದಳು. ಒಂದು ಕುರು ಒಡೆದು ಅಂಗಾಲಿಗೆ ಬೆಚ್ಚಗೆ ಅಂಟಿತು. ಇನ್ನೊಮ್ಮೆ ಒದ್ದಳು. ಅವಳ ಸೊಂಟದಲ್ಲಿ ಏನೋ ಸೆಳೆದು, ಹೊಟ್ಟೆ ಕಲ್ಲಿನಂತೆ ಬಿಗಿಯಿತು.

"ಹಾ... ಬಿಡ್ತೈತೆ ಕಣೇ, ಬಿಡ್ತೈತೆ! ಇನ್ನೊಂದು!"

ಅಂಜಿನಮ್ಮ ಕಾಲು ಕೆಳಗಿಳಿಸಿದಳು. ಅಂಗಾಲನ್ನು ಅವನ ಚಾಪೆಗೇ ಒರೆಸಿದಳು. ಹಿಂದೆ ಸರಿದು, ಬೆನ್ನನ್ನು ಪೂರ್ತಿ ಗೋಡೆಗೆ ಒತ್ತಿ, ಹಾಗೇ ಜಾರುತ್ತ ಕುಳಿತುಬಿಟ್ಟಳು.

"ಅಯ್ಯಯ್ಯೋ, ಗ್ವಾಡೆ!" ಬಾಗಿಲಲ್ಲಿ ಗೌಡತಿ ಚೀರಿದಳು.

"ಮೂರನೇದು ಹೆತ್ತ ಮ್ಯಾಲೆ," ಎಂದಳು ಅಂಜಿನಮ್ಮ. "ಪುಟ್ಟಿ ಹೊರಿಸಿ ನಾ ಸತ್ರೆ ನೀವು ಹಿಂಗೇ ಇರ್ತೀರಿ."

"ನಿನ್ನವ್ವನ..." ಶಿವಮೂರ್ತಪ್ಪ ಏಳಲು ಹೋದ. ಅರ್ಧಕ್ಕೆ ಸೊಂಟ ಹಿಡಿಯಿತು. ಎರಡು ಕೈ, ಎರಡು ಮಂಡಿ ಊರಿ ಅಲ್ಲೇ ನಿಂತ. ಮೂಗಿನಿಂದ ಸಿಂಬಳ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಾಗಲಿಲ್ಲ.

ಅಂಜಿನಮ್ಮ ಅವನ ಮುಖದ ನೇರಕ್ಕೆ ಕಾಲು ಚಾಚಿಕೊಂಡಳು.